ಲೇಸರ್ ಬಂತು ಸರಿ, ಫಿಟ್ಸ್ ಹುಟ್ಟುವ ಜಾಗ ಹುಡುಕುವವರು ಯಾರು?

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಮೂರ್ಛೆರೋಗದ ಲೇಸರ್ ಚಿಕಿತ್ಸೆ, ಅಂದರೆ ಮಿದುಳಿನಲ್ಲಿ ಫಿಟ್ಸ್ ಹುಟ್ಟುವ ಜಾಗವನ್ನು ಲೇಸರ್ ಬಿಸಿಯಿಂದ ಸುಡುವ ಚಿಕಿತ್ಸೆ ಬಗ್ಗೆ ಬಂದ ಬರಹ ಓದಿದೆ. ಬರೆದದ್ದರಲ್ಲಿ ತಪ್ಪೇನಿಲ್ಲ, ಆದರೆ ಅರ್ಧ ಮಾತ್ರ ಬರೆದಿದ್ದೀರಿ. ಅದು ಬಂದ ದಿನದಿಂದ ನನಗೆ ಫೋನ್ ಮೇಲೆ ಫೋನ್. 'ಅಕ್ಕಾ, ತಲೆ ಕೊಯ್ಯದೇನೇ ಫಿಟ್ಸ್ ತೆಗೀತಾರಂತೆ, ಎಲ್ಲಿ? ಎಷ್ಟಾಗುತ್ತೆ? ನಮ್ಮನೆಯವ್ರಿಗೂ ಮಾಡ್ತಾರಾ?' ಎಲ್ಲರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಹೇಳಿ ಬಾಯಿ ನೋವಾಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಜಾಗ ಮಾಡಿಕೊಡಿ.

ನಾನು ಡಾಕ್ಟರಲ್ಲ. ಮೈಸೂರಿನಲ್ಲಿ ಇಇಜಿ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವಳು. ತಲೆಗೆ ವೈರ್ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಬರೆಸುವ ಕೆಲಸ ಅಂದರೆ ಬೇಗ ಅರ್ಥವಾಗುತ್ತದೆ. ನಾನು ಸೇರಿದಾಗ ಮಶೀನಿನಲ್ಲಿ ಶಾಯಿ ಪೆನ್ನುಗಳಿದ್ದವು. ಮಡಿಕೆ ಮಡಿಕೆಯ ಉದ್ದ ಕಾಗದದ ಮೇಲೆ ಗೀಟು ಎಳೆಯುತ್ತಾ ಹೋಗುತ್ತಿದ್ದವು, ಸಂಜೆ ಹೊತ್ತಿಗೆ ನನ್ನ ಕೈ, ಸೀರೆ ಸೆರಗು ಎಲ್ಲ ಶಾಯಿ. ಆಮೇಲೆ ಕಂಪ್ಯೂಟರ್ ಬಂತು. ಬರುವವರಿಗೆ ಹೇಳುವ ಮಾತು ಮಾತ್ರ ಬದಲಾಗಲಿಲ್ಲ: ತಲೆಗೆ ಎಣ್ಣೆ ಹಾಕಬೇಡಿ, ಚೆನ್ನಾಗಿ ತೊಳೆದುಕೊಂಡು ಬನ್ನಿ, ರಾತ್ರಿ ನಿದ್ದೆ ಕಡಿಮೆ ಮಾಡಿ ಬನ್ನಿ. ಹತ್ತರಲ್ಲಿ ನಾಲ್ಕು ಜನ ಹರಳೆಣ್ಣೆ ಮೆತ್ತಿಕೊಂಡೇ ಬರುತ್ತಿದ್ದರು. ಎಣ್ಣೆ ತಲೆಗೆ ಪೇಸ್ಟ್ ಹಿಡಿಯುವುದಿಲ್ಲ, ವೈರ್ ಜಾರಿ ಕೆಳಗೆ ಬೀಳುತ್ತದೆ.

ಮೊದಲು ಲೇಸರ್ ವಿಷಯ. ನನ್ನ ಅಕ್ಕನ ಮಗನಿಗೆ ಈ ಚಿಕಿತ್ಸೆ ಆಗಿದೆ. ಅವನು ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ವಯಸ್ಸು ಮೂವತ್ತೈದರ ಆಸುಪಾಸು. ಮಗುವಾಗಿದ್ದಾಗ ಜ್ವರ ನೆತ್ತಿಗೇರಿ ತುಂಬಾ ಹೊತ್ತು ಫಿಟ್ಸ್ ಬಂದಿತ್ತು. ಆಮೇಲೆ ಎಷ್ಟೋ ವರ್ಷ ಏನೂ ಇಲ್ಲ. ಹೈಸ್ಕೂಲಿಗೆ ಬಂದ ಮೇಲೆ ಬೇರೆ ರೂಪದಲ್ಲಿ ಶುರುವಾಯಿತು. ಬೀಳುವುದಿಲ್ಲ, ಒದ್ದಾಡುವುದಿಲ್ಲ, ಬಾಯಲ್ಲಿ ನೊರೆ ಇಲ್ಲ. ಹೊಟ್ಟೆಯಿಂದ ಏನೋ ಮೇಲೆದ್ದು ಗಂಟಲಿಗೆ ಬಂದ ಹಾಗಾಗುತ್ತದೆ ಅನ್ನುತ್ತಿದ್ದ. ಅಷ್ಟು ಹೇಳುವಷ್ಟರಲ್ಲಿ ಕಣ್ಣು ಎಲ್ಲೋ ನೆಟ್ಟು ಬಿಡುತ್ತಿತ್ತು. ಬಾಯಿ ಚಪ್ಪರಿಸುತ್ತಾ, ಎಡಗೈಯಲ್ಲಿ ಅಂಗಿ ಗುಂಡಿ ತಡಕುತ್ತಾ ಒಂದೆರಡು ನಿಮಿಷ. ಕರೆದರೆ ಉತ್ತರವಿಲ್ಲ. ಮುಗಿದ ಮೇಲೆ ಪೆನ್ನು, ಲೋಟ ಅನ್ನುವಂಥ ಸಣ್ಣ ಹೆಸರೂ ಸ್ವಲ್ಪ ಹೊತ್ತು ನೆನಪಾಗುತ್ತಿರಲಿಲ್ಲ. ಊರಲ್ಲಿ ಇದನ್ನು ಫಿಟ್ಸ್ ಅಂತ ಯಾರೂ ಒಪ್ಪಲೇ ಇಲ್ಲ. ತಾಯತ ಕಟ್ಟಿಸಿದರು, ಕೈಗೆ ಬೀಗದ ಕೈ ತುರುಕಿದರು. ನಾನೇ ಒತ್ತಾಯ ಮಾಡಿ ಇಇಜಿ ಮಾಡಿದೆ. ಎಡಗಡೆ, ಕಿವಿಯ ಮೇಲ್ಭಾಗದ ವೈರುಗಳಲ್ಲಿ ಚೂಪು ಚೂಪಾಗಿ ಗೀಟು ಬಂತು.

ಮಾತ್ರೆ ಶುರುವಾಯಿತು. ಕಾರ್ಬಮಜೆಪಿನ್, ಆಮೇಲೆ ಲೆವೆಟಿರಾಸೆಟಮ್, ಆಮೇಲೆ ಎರಡೂ, ಜೊತೆಗೆ ಕ್ಲೋಬಜಾಮ್. ತಿಂಗಳಿಗೆ ಮೂರು ನಾಲ್ಕು ಸಲ ಬರುವುದು ನಿಲ್ಲಲಿಲ್ಲ. ಕಾರಿಲ್ಲದೆ ಅಂಗಡಿಗೂ ಹೋಗಲಾಗದ ಊರಲ್ಲಿ ಇದ್ದುಕೊಂಡು ಕಾರು ಓಡಿಸುವ ಹಾಗಿಲ್ಲ. ಹೆಂಡತಿ ಆಫೀಸಿಗೆ ಬಿಟ್ಟು, ಕರೆದುಕೊಂಡು ಬರಬೇಕು. ಕೊನೆಗೆ ಅಲ್ಲಿನ ಡಾಕ್ಟರು ಲೇಸರ್ ಮಾತೆತ್ತಿದರು.

ಏನು ಮಾಡುತ್ತಾರೆ ಅಂದರೆ, ಪೂರ್ತಿ ಅರಿವಳಿಕೆ ಕೊಟ್ಟು, ತಲೆಬುರುಡೆಯಲ್ಲಿ ಮೂರು ನಾಲ್ಕು ಮಿಲಿಮೀಟರಿನ ಒಂದು ತೂತು. ಇವನಿಗೆ ತಲೆಯ ಹಿಂಭಾಗದಲ್ಲಿ ತೂತು ಮಾಡಿ, ಅಲ್ಲಿಂದ ಮುಂದಕ್ಕೆ, ಹಿಪ್ಪೊಕ್ಯಾಂಪಸ್ (ಮಿದುಳಿನ ಒಳಗಡೆ, ನೆನಪಿಗೆ ಸಂಬಂಧಿಸಿದ ಭಾಗ) ಉದ್ದಕ್ಕೂ ಒಂದು ಕೊಳವೆ ತೂರಿಸಿದರು. ಅಗರಬತ್ತಿ ಕಡ್ಡಿಯಷ್ಟು ದಪ್ಪ ಇರಬಹುದು, ಅಷ್ಟೇ. ಅದರೊಳಗೆ ಲೇಸರ್ ಬೆಳಕು ಸಾಗಿಸುವ ಎಳೆ. ಸುತ್ತ ತಣ್ಣನೆಯ ಸಲೈನ್ ಹರಿಯುತ್ತಿರುತ್ತದೆ, ಇಲ್ಲದಿದ್ದರೆ ತುದಿಯೇ ಸುಟ್ಟು ಕರಿಕಾಗುತ್ತದೆ. ಕೊಳವೆ ಕೂರಿಸಿದ ಮೇಲೆ ಅವನನ್ನು ಎಂಆರ್‌ಐ ಒಳಗೆ ಮಲಗಿಸಿ ಲೇಸರ್ ಹಚ್ಚಿದರು. ಲೇಸರ್ ಉರಿಯುವುದು ಕೆಲವೇ ನಿಮಿಷ. ಅದಕ್ಕೆ ಮಾಡಿಕೊಳ್ಳುವ ಸಿದ್ಧತೆಗೆ ಗಂಟೆಗಟ್ಟಲೆ ಬೇಕು.

ಇದರಲ್ಲಿ ನನಗೆ ಬೆರಗು ಅನಿಸಿದ್ದು ಲೇಸರ್ ಅಲ್ಲ, ಆ ಎಂಆರ್‌ಐ. ಒಳಗಿನ ಬಿಸಿ ಎಲ್ಲಿ ಎಷ್ಟಿದೆ ಅಂತ ಕೆಲವು ಸೆಕೆಂಡಿಗೊಮ್ಮೆ ಪರದೆ ಮೇಲೆ ಬಣ್ಣದಲ್ಲಿ ತೋರಿಸುತ್ತಾ ಇರುತ್ತದೆ. ಪಕ್ಕದಲ್ಲೇ ಮಿದುಳುಕಾಂಡ ಇದೆ, ಕಣ್ಣಿನ ನರ ಇದೆ. ಅಲ್ಲಿ ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ಆ ಗುರುತಿನಲ್ಲಿ ಬಿಸಿ ಮಿತಿ ದಾಟಿದರೆ ಯಾರೂ ಮುಟ್ಟದೆಯೇ ಲೇಸರ್ ಆರುತ್ತದೆ. ಬುರುಡೆ ತೆರೆಯುವ ಹಳೇ ಆಪರೇಷನ್ನಿನಲ್ಲಿ ಒಳಗಿನ ಜಾಗಕ್ಕೆ ಹೋಗಲು ಮೇಲಿನ ಚೆನ್ನಾಗಿರುವ ಮಿದುಳನ್ನೂ ಸ್ವಲ್ಪ ತೆಗೆಯಬೇಕಾಗುತ್ತದೆ, ಇಲ್ಲವೇ ಸರಿಸಬೇಕಾಗುತ್ತದೆ. ಇಲ್ಲಿ ಆ ತಾಪತ್ರಯ ಇಲ್ಲ.

ಅವನು ಮರುದಿನವೇ ಮನೆಗೆ ಬಂದ. ಫೋಟೋ ಕಳಿಸಿದ್ದ: ತಲೆಯ ಹಿಂದೆ ಒಂದೇ ಒಂದು ಹೊಲಿಗೆ. ಅಕ್ಕ ನಂಬಲೇ ಇಲ್ಲ. 'ಇಷ್ಟೇನಾ? ನಿಜವಾಗ್ಲೂ ಮಾಡಿದ್ರೇನೋ?' ಅಂತ ವಿಡಿಯೋ ಕಾಲಿನಲ್ಲಿ ತಲೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳಂತೆ. ಒಂದು ವಾರ ತಲೆನೋವು ಇತ್ತು, ಊತ ಇಳಿಯಲು ಸ್ಟೀರಾಯ್ಡ್ ಕೊಟ್ಟಿದ್ದರು. ಬಾಯಿ ಚಪ್ಪರಿಸುವುದು, ಮೈಮರೆಯುವುದು ನಿಂತಿದೆ. ಹೊಟ್ಟೆಯಿಂದ ಏಳುವ ಆ ಅನುಭವ ಮಾತ್ರ ಯಾವಾಗಲೋ ಒಮ್ಮೆ ಬರುತ್ತದೆ. ಮಾತ್ರೆ ಒಂದಕ್ಕೆ ಇಳಿದಿದೆ, ನಿಂತಿಲ್ಲ. 'ನಿಲ್ಲಿಸೋಕೆ ಅರ್ಜೆಂಟ್ ಮಾಡಬೇಡ' ಅಂತ ನಾನೂ ಹೇಳಿದ್ದೇನೆ.

ಇದು ಅವನ ಕಥೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಅಮೆರಿಕದ 11 ಆಸ್ಪತ್ರೆಗಳ 234 ಜನರ ಲೆಕ್ಕ 2019ರಲ್ಲಿ ಪ್ರಕಟವಾಯಿತು. ಎಲ್ಲರೂ ಇವನ ಥರ, ಕಿವಿಯ ಹತ್ತಿರದ ಮಿದುಳಿನ ಭಾಗವಾದ ಟೆಂಪೊರಲ್ ಲೋಬಿನ ಒಳಗಡೆಯಿಂದ ಫಿಟ್ಸ್ ಬರುತ್ತಿದ್ದವರು. ಲೇಸರ್ ಆಗಿ ಒಂದು ವರ್ಷದ ಮೇಲೆ ಸುಮಾರು 58 ಶೇಕಡಾ ಜನರಿಗೆ ತೊಂದರೆ ಕೊಡುವಂಥ ಫಿಟ್ಸ್ ಇರಲಿಲ್ಲ, ಎರಡು ವರ್ಷಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹತ್ತರಲ್ಲಿ ನಾಲ್ಕು ಜನರಿಗೆ ಪೂರ್ತಿ ಗುಣ ಇಲ್ಲ. ಬುರುಡೆ ತೆರೆದು ಮಾಡುವ ಆಪರೇಷನ್ನಿನ ಲೆಕ್ಕ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ಹಾಗಾದರೆ ಲೇಸರ್ ಯಾಕೆ? ಫಿಟ್ಸ್ ಮಿದುಳಿನ ಎಡಗಡೆಯದ್ದಾದರೆ ಹೆಸರು ನೆನಪಿಡುವ, ಮಾತು ಹುಡುಕುವ ಶಕ್ತಿ ಉಳಿಯುವ ಸಾಧ್ಯತೆ ಲೇಸರ್‌ನಲ್ಲಿ ಹೆಚ್ಚು. ಅಟ್ಲಾಂಟದ ಎಮೊರಿ ವಿಶ್ವವಿದ್ಯಾಲಯದವರು 2015ರಲ್ಲಿ ಇದನ್ನು ತೋರಿಸಿದರು. ನಮ್ಮ ಹುಡುಗ ಒಪ್ಪಿದ್ದೂ ಇದೇ ಕಾರಣಕ್ಕೆ, ದಿನವಿಡೀ ಮಾತಾಡಿ ಬದುಕುವ ಕೆಲಸ ಅವನದ್ದು. ಲೇಸರ್‌ನಿಂದ ಆಗದಿದ್ದರೆ ಆಮೇಲೆ ದೊಡ್ಡ ಆಪರೇಷನ್ ಮಾಡಿಸಿಕೊಳ್ಳಲೂಬಹುದು, ಆ ದಾರಿ ಮುಚ್ಚುವುದಿಲ್ಲ. ಅಪಾಯವೂ ಇದೆ. ರಕ್ತಸ್ರಾವ ಆಗಬಹುದು, ದೃಷ್ಟಿಯ ಮೇಲ್ಭಾಗದ ಒಂದು ಮೂಲೆ ಕಾಣದೆ ಹೋಗಬಹುದು. ನಿಮ್ಮ ಬರಹದಲ್ಲಿ ಇದು ಒಂದು ಸಾಲೂ ಇರಲಿಲ್ಲ.

ಅಂದ ಹಾಗೆ, ಮೂರ್ಛೆರೋಗಕ್ಕೆ ಇದನ್ನು ಮೊದಲು ಬಳಸಿದ ವರದಿ ಬಂದದ್ದು 2012ರಲ್ಲಿ, ಟೆಕ್ಸಾಸ್‌ನ ಹ್ಯೂಸ್ಟನ್ನಿನ ಮಕ್ಕಳ ಆಸ್ಪತ್ರೆಯಿಂದ, ಐದು ಮಕ್ಕಳ ಬಗ್ಗೆ. ಬರೆದವರ ಪಟ್ಟಿಯಲ್ಲಿ ಅಶೋಕ್ ಗೌಡ ಅನ್ನುವ ಹೆಸರು ನೋಡಿ ಸುಮ್ನೆ ಒಂದು ಖುಷಿಯಾಯಿತು.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಲೇಸರ್‌ಗೆ ಗುರಿ ಬೇಕು. ಫಿಟ್ಸ್ ಮಿದುಳಿನ ಒಂದೇ ಜಾಗದಿಂದ ಏಳುತ್ತದೆ, ಆ ಜಾಗ ಚಿಕ್ಕದು, ಅದನ್ನು ತೆಗೆದರೆ ಮಾತು, ಕೈಕಾಲು, ನೆನಪಿಗೆ ದೊಡ್ಡ ಪೆಟ್ಟಿಲ್ಲ. ಇಷ್ಟೂ ಖಾತ್ರಿಯಾದ ಮೇಲೆ ಲೇಸರ್. ಈ ಖಾತ್ರಿ ಮಾಡುವ ಕೆಲಸಕ್ಕೆ ಫೋಟೋ ಇಲ್ಲ, ಹೆಡ್‌ಲೈನ್ ಇಲ್ಲ. ವಿಡಿಯೋ ಇಇಜಿ ಅಂದರೆ ಏನು ಅಂತ ಗೊತ್ತಾ? ರೋಗಿಯ ತಲೆಗೆ ವೈರ್ ಅಂಟಿಸಿ, ಬಟ್ಟೆ ಸುತ್ತಿ, ಕ್ಯಾಮೆರಾ ಮುಂದೆ ಹಗಲು ರಾತ್ರಿ ಇರಿಸುವುದು. ಡಾಕ್ಟರು ನೋಡಿಕೊಂಡು ಮಾತ್ರೆ ಕಡಿಮೆ ಮಾಡುತ್ತಾರೆ. ಆಮೇಲೆ ಫಿಟ್ಸ್ ಬರಲಿ ಅಂತ ಕಾಯುವುದು. ಮನೆಯಲ್ಲಿ ಬರಬೇಡಪ್ಪಾ ಅಂತ ಹರಕೆ ಹೊತ್ತವರು ಇಲ್ಲಿ ಬರಲಿ ಅಂತ ಕಾಯಬೇಕು. ಒಬ್ಬ ತಾಯಿ ಮಗನ ಪಕ್ಕದಲ್ಲಿ ಬಟನ್ ಹಿಡಿದು ಕೂತಿದ್ದರು, ಬಂದ ಕೂಡಲೇ ಒತ್ತಲು. ಎರಡು ರಾತ್ರಿ ನಿದ್ದೆಗೆಟ್ಟು ಕೂತರೂ ಬರಲಿಲ್ಲ. ಮೂರನೇ ದಿನ ಬೆಳಗ್ಗೆ ಕಾಫಿ ತರಲು ಕೆಳಗೆ ಹೋದರು, ಆಗ ಬಂತು. ಬಂದ ಮೇಲೆ ಆ ಒಂದೂವರೆ ನಿಮಿಷವನ್ನು ಡಾಕ್ಟರು ಮತ್ತೆ ಮತ್ತೆ ನೋಡಿದರು. ಯಾವ ಕೈ ಮೊದಲು ಸೆಟೆಯಿತು, ತಲೆ ಯಾವ ಕಡೆ ತಿರುಗಿತು, ಮೂಗು ಯಾವ ಕೈಯಲ್ಲಿ ಉಜ್ಜಿಕೊಂಡ, ಆ ಕ್ಷಣ ಯಾವ ವೈರಿನಲ್ಲಿ ಅಲೆ ಎದ್ದಿತು. ಕೆಲವರದ್ದು ಮೂರ್ಛೆರೋಗವೇ ಅಲ್ಲ, ಮನಸ್ಸಿನ ಒತ್ತಡದಿಂದ ಬರುವಂಥದ್ದು ಅಂತ ಇದರಲ್ಲೇ ಗೊತ್ತಾಗುತ್ತದೆ. ಅವರಿಗೆ ಲೇಸರೂ ಬೇಡ, ಫಿಟ್ಸ್ ಮಾತ್ರೆಯೂ ಬೇಡ, ಬೇರೆ ಚಿಕಿತ್ಸೆ ಬೇಕು.

ನಮ್ಮ ಕಡೆಯ ಇನ್ನೊಂದು ವಿಷಯ. ತಲೆಗೆ ಬಿಸಿ ಬಿಸಿ ನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಹಳೇ ಮೈಸೂರು ಸೀಮೆಯಲ್ಲಿ ಬಹಳ ಇದೆ. ನರರೋಗ ತಜ್ಞ ಡಾ. ಕೆ.ಎಸ್. ಮಣಿ, ಆಮೇಲೆ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರ ಇದರ ಬಗ್ಗೆ ಜಗತ್ತಿಗೇ ತಿಳಿಸಿದರು. ಇವರಲ್ಲಿ ಎಷ್ಟೋ ಜನರಿಗೆ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿದರೆ ಸಾಕು, ಇಲ್ಲದಿದ್ದರೆ ಸ್ನಾನಕ್ಕೆ ಮೊದಲು ಕ್ಲೋಬಜಾಮ್ ಕೊಡುತ್ತಾರೆ. ನಂಜನಗೂಡಿನಿಂದ ಫೋನ್ ಮಾಡಿದವರೊಬ್ಬರು ಇಂಥ ಮಗನಿಗೆ ಲೇಸರ್ ಕೇಳಿದರು. 'ಹಂಡೆ ಕೆಳಗಿನ ಸೌದೆ ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ' ಅಂದೆ.

ಹಾಗಾದರೆ ಲೇಸರ್, ಆಪರೇಷನ್ನು ಯಾರಿಗೆ? ಇದಕ್ಕೆ ಒಂದು ಸರಳ ಲೆಕ್ಕ ಇದೆ, ಅದನ್ನೇ ನೀವು ದಪ್ಪ ಅಕ್ಷರದಲ್ಲಿ ಹಾಕಬೇಕಿತ್ತು. ಸರಿಯಾದ ಎರಡು ಔಷಧಿಗಳನ್ನು, ಸರಿಯಾದ ಪ್ರಮಾಣದಲ್ಲಿ, ತಪ್ಪಿಸದೆ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆರೋಗ. 2010ರಲ್ಲಿ ಅಂತರರಾಷ್ಟ್ರೀಯ ಮೂರ್ಛೆರೋಗ ಸಂಘಟನೆ ಹೀಗೆ ನಿಗದಿ ಮಾಡಿತು. ಹತ್ತು ಔಷಧಿ ಅಲ್ಲ, ಎರಡೇ. ಯಾಕೆ ಎರಡು? ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಹೊಸದಾಗಿ ಔಷಧಿ ಶುರು ಮಾಡಿದ 470 ಜನರನ್ನು ನೋಡಿ 2000ದಲ್ಲಿ ಬರೆದರು. ಮೊದಲ ಔಷಧಿಗೇ 47 ಶೇಕಡಾ ಜನರಿಗೆ ಫಿಟ್ಸ್ ನಿಂತಿತು. ಎರಡನೆಯದಕ್ಕೆ ಇನ್ನೂ 13. ಮೂರನೆಯದಕ್ಕೋ, ಎರಡು ಸೇರಿಸಿ ಕೊಟ್ಟದ್ದಕ್ಕೋ ನಿಂತವರು ಬರೀ 4. ಎರಡು ಸೋತ ಮೇಲೆ ಮೂರನೆಯದು, ನಾಲ್ಕನೆಯದು ಅಂತ ಚೀಟಿ ಬದಲಾಯಿಸುತ್ತಾ ಕೂತರೆ ವಯಸ್ಸು ಹೋಗುತ್ತದೆ, ಫಿಟ್ಸ್ ಹೋಗುವುದಿಲ್ಲ. 2022ರಲ್ಲಿ ಅದೇ ಸಂಘಟನೆಯ ತಜ್ಞರು ಇನ್ನೂ ಸ್ಪಷ್ಟವಾಗಿ ಹೇಳಿದರು: ಔಷಧಿಗೆ ಬಗ್ಗುತ್ತಿಲ್ಲ ಅಂತ ಗೊತ್ತಾದ ಕೂಡಲೇ ಆಪರೇಷನ್ನಿನ ತಪಾಸಣೆಗೆ ಕಳಿಸಿ, 70 ವರ್ಷದವರೆಗೂ ಕಳಿಸಿ. ಆಪರೇಷನ್ ಮಾಡಿಸಲೇಬೇಕು ಅಂತಲ್ಲ, ಆಗುತ್ತದೋ ಇಲ್ಲವೋ ನೋಡಿಸಿ ಅಂತ.

ನಮ್ಮಲ್ಲಿ ದೊಡ್ಡವರನ್ನು ಯಾರು ಕಳಿಸುತ್ತಾರೆ? ಮಗುವಿಗೆ ಫಿಟ್ಸ್ ಬಂದರೆ ಮನೆಮಂದಿ ಎಲ್ಲ ಆಸ್ಪತ್ರೆಗೆ ಓಡುತ್ತಾರೆ. ನಲವತ್ತು ದಾಟಿದವರಿಗೆ ಬಂದರೆ ಅದು ಮನೆಗೇ ರೂಢಿಯಾಗಿಬಿಡುತ್ತದೆ. ಕೊಳ್ಳೇಗಾಲದ ಕಡೆಯ ಒಬ್ಬ ಹೆಂಗಸು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್, ಅದರ ತುಂಬ ಚೀಟಿಗಳು, ಖಾಲಿ ಮಾತ್ರೆ ಪಟ್ಟಿಗಳು. ಇಪ್ಪತ್ತು ವರ್ಷದಿಂದ ಒಂದೇ ಕಡೆ ತೋರಿಸುತ್ತಿದ್ದರು. ಫೆನಿಟಾಯಿನ್ ಅನ್ನುವ ಫಿಟ್ಸ್ ಮಾತ್ರೆ ತಿಂದು ತಿಂದು ಒಸಡು ಊದಿ ಹಲ್ಲು ಅರ್ಧ ಮುಚ್ಚಿತ್ತು. ಬಲಗೈ ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಕಲೆ, ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ ಮೈಮರೆತದ್ದು. ವೈರ್ ಅಂಟಿಸುತ್ತಾ 'ಎಂಆರ್‌ಐ ಎಲ್ಲಮ್ಮ?' ಅಂತ ಕೇಳಿದೆ. 'ಹಂಗಂದ್ರೇನವ್ವಾ?' ಅಂದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಮಾಡಿಸಿರಲಿಲ್ಲ, ಯಾರೂ ಬರೆದುಕೊಟ್ಟಿರಲಿಲ್ಲ. ಆಮೇಲೆ ಮಾಡಿಸಿದರು. ಬಲಗಡೆಯ ಹಿಪ್ಪೊಕ್ಯಾಂಪಸ್ ಸೊರಗಿ ಹೋಗಿತ್ತು, ಯಾರು ನೋಡಿದರೂ ಗುರುತು ಹಿಡಿಯುವ ಹಾಗೆ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಲೇಸರ್ ಅಲ್ಲ, ಬುರುಡೆ ತೆರೆದು ಮಾಡುವ ಹಳೇ ಆಪರೇಷನ್ನೇ. ಗುಣವಾದರು. ಇಪ್ಪತ್ತು ವರ್ಷ ಅವರಿಗೆ ಕೊರತೆಯಾದದ್ದು ಲೇಸರ್ ಅಲ್ಲ, ಕಳಿಸಿಕೊಡುವ ಒಂದು ಚೀಟಿ.

ಆ ಹಳೇ ಆಪರೇಷನ್ನನ್ನು ಕೀಳಾಗಿ ನೋಡಬೇಡಿ. ಕೆನಡಾದಲ್ಲಿ 80 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 40 ಜನರಿಗೆ ಆಪರೇಷನ್, 40 ಜನರಿಗೆ ಔಷಧಿ ಅಂತ ನೋಡಿದ ಅಧ್ಯಯನ 2001ರಲ್ಲಿ ಬಂತು. ಒಂದು ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಫಿಟ್ಸ್ ಇಲ್ಲದವರು ಆಪರೇಷನ್ ಗುಂಪಿನಲ್ಲಿ (ಅದರಲ್ಲಿ ಆಪರೇಷನ್ ಆಗದೇ ಉಳಿದ ಕೆಲವರನ್ನೂ ಸೇರಿಸಿ) 58 ಶೇಕಡಾ, ಔಷಧಿ ಗುಂಪಿನಲ್ಲಿ 8. ನಮ್ಮ ಪಕ್ಕದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1995ರಿಂದ ಇದು ನಡೆಯುತ್ತಿದೆ. ನಮ್ಮ ನಿಮ್ಹಾನ್ಸ್‌ನಲ್ಲೂ ಆಗುತ್ತದೆ. ದೆಹಲಿಯ ಏಮ್ಸ್‌ನವರು ಲೇಸರ್ ಬದಲು ರೇಡಿಯೋ ತರಂಗದ ಬಿಸಿಯಿಂದ, ಚಿಕ್ಕ ತೂತಿನ ಮೂಲಕವೇ ಮಾಡುವ ದಾರಿ ಕಂಡುಕೊಂಡಿದ್ದಾರೆ. ಲೇಸರ್ ಎಳೆ ಒಮ್ಮೆ ಬಳಸಿದರೆ ಬಿಸಾಡಬೇಕು, ಎಂಆರ್‌ಐ ಮಶೀನನ್ನು ಗಂಟೆಗಟ್ಟಲೆ ಒಬ್ಬರಿಗೇ ಬಿಟ್ಟುಕೊಡಬೇಕು. ನಮ್ಮಂಥ ಕಡೆ ಅದು ಸಣ್ಣ ಖರ್ಚಲ್ಲ.

'ಆಪರೇಷನ್ ಅಂದ್ರೆ ಭಯ, ಹೀಗೇ ಇರ್ಲಿ ಬಿಡಿ' ಅನ್ನುವವರಿಗೆ ಒಂದು ಮಾತು. ಸುಮ್ಮನಿರುವುದಕ್ಕೂ ಅಪಾಯ ಇದೆ. ಮೂರ್ಛೆರೋಗ ಇರುವ ಸಾವಿರ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರು, ಬೇರೆ ಯಾವ ಕಾರಣವೂ ಇಲ್ಲದೆ, ಹೆಚ್ಚಾಗಿ ನಿದ್ದೆಯಲ್ಲೇ ತೀರಿಕೊಳ್ಳುತ್ತಾರೆ. ಮೈಯೆಲ್ಲ ಸೆಟೆಯುವ ಫಿಟ್ಸ್ ಹತೋಟಿಗೆ ಬರದವರಲ್ಲಿ ಇದು ಇನ್ನೂ ಜಾಸ್ತಿ. ಇದನ್ನು ಹೇಳಿದರೆ ಹೆದರುತ್ತಾರೆ ಅಂತ ಎಷ್ಟೋ ಕಡೆ ಹೇಳುವುದೇ ಇಲ್ಲ.

ಇದರ ಮೇಲೆ ರೋಗವನ್ನು ಮುಚ್ಚಿಡುವುದು ಬೇರೆ. 'ಮೇಡಂ, ರಿಪೋರ್ಟಲ್ಲಿ ಹೆಸರು ಬೇರೆ ಹಾಕ್ಕೊಡ್ತೀರಾ, ಹುಡುಗಿಗೆ ಗಂಡು ನೋಡ್ತಿದೀವಿ' ಅಂತ ಕೇಳಿದವರನ್ನು ನಾನು ಲೆಕ್ಕ ಇಟ್ಟಿಲ್ಲ. ಮೂರ್ಛೆರೋಗವನ್ನು ಕಾರಣ ಮಾಡಿ ಮದುವೆ ರದ್ದು ಮಾಡುವ ಮಾತನ್ನು 1999ರಲ್ಲೇ ಕಾನೂನಿನಿಂದ ತೆಗೆದಿದ್ದಾರೆ. ಅದು ಕಾನೂನಿನ ಪುಸ್ತಕದಲ್ಲಿದೆ, ಗಂಡಿನ ಮನೆಯವರಿಗೆ ಗೊತ್ತಿಲ್ಲ, ಹೆಣ್ಣಿನ ಮನೆಯವರಿಗೂ ಗೊತ್ತಿಲ್ಲ.

ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನಿಮ್ಹಾನ್ಸ್‌ನವರು ಸಮೀಕ್ಷೆ ಮಾಡಿದಾಗ, ನಗರದಲ್ಲಿ ಸಾವಿರಕ್ಕೆ 5.7 ಜನರಿಗೆ ಮೂರ್ಛೆರೋಗ ಇದ್ದರೆ ಹಳ್ಳಿಗಳಲ್ಲಿ 11.9. ಹೆಚ್ಚುಕಡಿಮೆ ಎರಡರಷ್ಟು. ಇವರಲ್ಲಿ ಮೂರರಲ್ಲೊಬ್ಬರದ್ದು ಔಷಧಿಗೆ ಬಗ್ಗುವುದಿಲ್ಲ ಅಂತ ಇಟ್ಟುಕೊಳ್ಳಿ, ಎಲ್ಲ ಕಡೆಯ ಅಂದಾಜು ಅಷ್ಟೇ ಇದೆ. ವಿಡಿಯೋ ಇಇಜಿ ಹಾಸಿಗೆ ಇರುವುದೆಲ್ಲ ದೊಡ್ಡ ಊರುಗಳಲ್ಲಿ. ಹಳ್ಳಿಯವರು ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು, ಬೆಂಗಳೂರಿನಲ್ಲಿ ಒಂದು ವಾರ ಇರಬೇಕು. ಎಷ್ಟು ಜನಕ್ಕೆ ಆಗುತ್ತದೆ ಹೇಳಿ.

2022ರಲ್ಲಿ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದ್ದು ನನಗೆ ನಿಜವಾಗಿಯೂ ಸಂತೋಷ. ಜಿಲ್ಲೆಗಳ ಡಾಕ್ಟರಿಗೆ ತರಬೇತಿ ಕೊಡುವುದು, ಜಿಲ್ಲಾ ಆಸ್ಪತ್ರೆಯಲ್ಲೇ ಮಿದುಳಿನ ಕ್ಲಿನಿಕ್ ನಡೆಸುವುದು ಇದರಲ್ಲಿದೆ. ಅದರ ಚೀಟಿಯಲ್ಲಿ ಒಂದು ಸಾಲು ಅಚ್ಚು ಹಾಕಿಸಿದರೆ ಸಾಕು: 'ಎರಡು ಔಷಧಿ ಸೋತಿವೆಯೇ? ಹೌದಾದರೆ ತಪಾಸಣೆಗೆ ಕಳಿಸಿದ ದಿನಾಂಕ'. ದಿನಾಂಕದ ಜಾಗ ಖಾಲಿ ಇದ್ದರೆ ಕೇಳುವವರು ಇರಬೇಕು. ಮೈಸೂರು, ಹುಬ್ಬಳ್ಳಿ, ಕಲಬುರಗಿಯಂಥ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಎರಡೆರಡು ವಿಡಿಯೋ ಇಇಜಿ ಹಾಸಿಗೆ, ಪಾಳಿ ಮೇಲೆ ಕೂರುವ ಟೆಕ್ನಿಷಿಯನ್ನುಗಳು. ಲೇಸರ್ ಮಶೀನು ರಾಜ್ಯಕ್ಕೆ ಒಂದು ಸರ್ಕಾರಿ ಕಡೆ ಬರಲಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮಶೀನು ಬಂದರೆ ಮಂತ್ರಿಗಳು ಟೇಪು ಕತ್ತರಿಸುತ್ತಾರೆ. ವೈರ್ ಅಂಟಿಸಿಕೊಂಡು ಫಿಟ್ಸಿಗೆ ಕಾಯುವ ಹಾಸಿಗೆ ಬಂದರೆ ಯಾರೂ ಬರುವುದಿಲ್ಲ, ಅದಕ್ಕೇ ಅದು ಬರುವುದೂ ಇಲ್ಲ.

ಮನೆಯವರಿಗೆ ಎರಡು ಮಾತು. ಫಿಟ್ಸ್ ಬಂದಾಗ ಕಬ್ಬಿಣ, ಈರುಳ್ಳಿ, ಚಪ್ಪಲಿ ಹುಡುಕಬೇಡಿ. ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ. ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೋ ತೆಗೆಯಲಿ, ಮುಖ ಮತ್ತು ಎರಡೂ ಕೈ ಕಾಣಬೇಕು. 'ಬಿದ್ದ, ಎದ್ದ' ಅಂತ ನೀವು ಹೇಳುವ ಮಾತಿಗಿಂತ ಆ ವಿಡಿಯೋ ಡಾಕ್ಟರಿಗೆ ಜಾಸ್ತಿ ಹೇಳುತ್ತದೆ. ಇದುವರೆಗೆ ತೆಗೆದುಕೊಂಡ ಮಾತ್ರೆಗಳ ಹೆಸರು, ಪ್ರಮಾಣ, ಯಾವ ವರ್ಷ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಪಟ್ಟಿ ಎರಡು ದಾಟಿದ್ದರೆ 'ಆಪರೇಷನ್ ಆಗುತ್ತಾ ನೋಡಿಸಬಹುದಾ?' ಅಂತ ನೀವೇ ಕೇಳಿ. ಕೇಳಿದರೆ ಡಾಕ್ಟರು ಬೈಯುವುದಿಲ್ಲ, ಬೈದರೆ ಇನ್ನೊಬ್ಬರ ಹತ್ತಿರ ಹೋಗಿ.

ಸಂಪಾದಕರೇ, ನಿಮ್ಮ ಹತ್ತಿರ ಒಂದೇ ಕೋರಿಕೆ. ನಿಮ್ಮ ವರದಿಗಾರರೊಬ್ಬರನ್ನು ಆರೋಗ್ಯ ಇಲಾಖೆಗೆ ಕಳಿಸಿ. ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ವಿಡಿಯೋ ಇಇಜಿ ಹಾಸಿಗೆ ಒಟ್ಟು ಎಷ್ಟಿವೆ, ಯಾವ ಯಾವ ಜಿಲ್ಲೆಯಲ್ಲಿವೆ, ಇವತ್ತು ಹೆಸರು ಬರೆಸಿದರೆ ಸರದಿ ಯಾವಾಗ ಬರುತ್ತದೆ, ಈ ಮೂರನ್ನು ಕೇಳಿಸಿ. ಉತ್ತರ ಸಿಕ್ಕರೆ ಲೇಸರ್ ಬರಹ ಹಾಕಿದ ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ಹಾಕಿ. ಸಿಗದಿದ್ದರೆ ಸಿಗಲಿಲ್ಲ ಅಂತ ಹಾಕಿ.

ಇತಿ,
ನಿವೃತ್ತ ಇಇಜಿ ಟೆಕ್ನಿಷಿಯನ್,
ಮೈಸೂರು